ಬರಿಗೈಲಿ ಮರಳಬೇಕಾದ ಹುಡುಗ

ಸಮವಸ್ತ್ರ ತೊಟ್ಟ ಮಕ್ಕಳು ಎರಡು ಸಾಲಾಗಿ ಬಜಾರಿಗೆ ಬರುತ್ತಾರೆ. ಮುಂದೆ ಇಬ್ಬರ ಕೈಯಲ್ಲಿ ಬ್ಯಾನರ್, ಪಕ್ಕದಲ್ಲಿ ಮಾಸ್ತರು, ಹಿಂದೆ ಆರೋಗ್ಯ ಇಲಾಖೆಯ ಜೀಪು. ಸಾಲು ಪಾನ್ ಶಾಪಿನ ಮುಂದೆ ನಿಲ್ಲುತ್ತದೆ. ಒಬ್ಬ ಹುಡುಗಿ ಮುಂದೆ ಹೋಗಿ ಅಂಗಡಿಯವನ ಕೈಗೆ ಗುಲಾಬಿ ಕೊಟ್ಟು, ಮಕ್ಕಳಿಗೆ ತಂಬಾಕು ಮಾರಬೇಡಿ ಎಂದು ಕೇಳಿಕೊಳ್ಳುತ್ತಾಳೆ. ಅವನು ಸಂಕೋಚದಿಂದ ಹೂವು ತೆಗೆದುಕೊಳ್ಳುತ್ತಾನೆ, ಫೋಟೋ ತೆಗೆಯುತ್ತಾರೆ, ಸಾಲು ಮುಂದಿನ ಅಂಗಡಿಗೆ ಹೋಗುತ್ತದೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ತಂಬಾಕು ನಿಯಂತ್ರಣ ಕೋಶದವರು ಶಾಲೆಗಳ ಜೊತೆ ಸೇರಿ ನಡೆಸುವ ಗುಲಾಬಿ ಆಂದೋಲನ ಹೆಚ್ಚುಕಡಿಮೆ ಹೀಗಿರುತ್ತದೆ.

ಈ ಆಂದೋಲನದಲ್ಲಿ ಒಳ್ಳೆಯದು ಇಲ್ಲವೆಂದು ಹೇಳಲಾರೆ. ಅಂಗಡಿಯವನನ್ನು ಅದು ಅವಮಾನಿಸುವುದಿಲ್ಲ. ದೊಡ್ಡವರ ಮುಂದೆ ಬಾಯಿ ತೆರೆಯಲು ಅಂಜುವ ಮಗು ಹತ್ತು ಜನರೆದುರು ಒಂದು ಮಾತು ಆಡಿ ಬರುತ್ತದೆ. ದಾಳಿ, ದಂಡ, ರಸೀದಿ ಪುಸ್ತಕ ಮಾತ್ರ ಕಂಡಿದ್ದ ಸಣ್ಣ ವ್ಯಾಪಾರಿಗೆ ಸರ್ಕಾರ ಹೂವು ಹಿಡಿದು ಬಂದದ್ದೂ ಹೊಸ ಅನುಭವವೇ. ಆದರೂ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳ ಕೈಗೆ ಬೀಡಿ, ಗುಟ್ಕಾ, ಸೆರೆ ಹೇಗೆ ಬರುತ್ತವೆ ಎಂದು ನೋಡಿದರೆ ಈ ಹೂವು ತಪ್ಪು ಬಾಗಿಲಿಗೆ ಹೋಗಿದೆ ಅನಿಸುತ್ತದೆ. ಕೇಳಿಕೊಳ್ಳುವ ಕೆಲಸವನ್ನು ಅದು ಮಗುವಿನ ತಲೆಗೆ ಕಟ್ಟುತ್ತದೆ. ಮರುದಿನ ಸಂಜೆ ಅದೇ ಹುಡುಗಿಯನ್ನು ಅದೇ ಅಂಗಡಿಗೆ ಓಡಿಸುವ ಮನೆಯವರನ್ನು ಅದು ಮುಟ್ಟುವುದೇ ಇಲ್ಲ.

ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಈ ಮೂರು ಊರು ಒಂದರ ಹಿಂದೊಂದು ಬರುತ್ತವೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್ ಮಿಲ್ಲು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ. ನಡುವೆ ಮಳೆ ನಂಬಿದ ಎರೆಭೂಮಿ. ನೀರಿದ್ದಲ್ಲಿ ಕೂಲಿಗೆ ಜನ ಬರುತ್ತಾರೆ, ನೀರಿಲ್ಲದಲ್ಲಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಗುಳೆ ಹೋದವರ ಮಕ್ಕಳು ಅಜ್ಜ ಅಜ್ಜಿಯ ಬಳಿ ಉಳಿಯುತ್ತಾರೆ. ಅಜ್ಜಿಗೆ ಮೊಣಕಾಲು ನೋವು, ಎದ್ದು ಅಂಗಡಿಗೆ ಹೋಗುವುದು ಆಗದು. ‘ಏ ತಮ್ಮಾ, ಓಡಿ ಹೋಗಿ ತಂಬಾಕ ತೊಗೊಂಡು ಬಾರಪ್ಪ’ ಅನ್ನುತ್ತಾಳೆ. ‘ಯಾರಿಗಿಲೇ?’ ಎಂದು ಅಂಗಡಿಯವನು ಕೇಳುತ್ತಾನೆ, ‘ನಮ್ಮ ಅಜ್ಜಿಗ್ರಿ’ ಅನ್ನುತ್ತಾನೆ ಹುಡುಗ. ಅಲ್ಲಿಗೆ ವಿಚಾರಣೆ ಮುಗಿಯಿತು. ಸಂಜೆ ಅಪ್ಪ ಬೀಡಿ ಕಟ್ಟಿಗೆ ಕಳಿಸುತ್ತಾನೆ, ಹಬ್ಬದ ದಿನ ಕಾಕಾ ಇನ್ನೇನಕ್ಕೋ ಕಳಿಸುತ್ತಾನೆ. ಉಳಿದ ಚಿಲ್ಲರೆ ಹುಡುಗನಿಗೇ. ಓಡಾಟಕ್ಕೆ ಸಿಗುವ ಆ ಚಿಲ್ಲರೆಯಲ್ಲಿ ಮೊದಲ ವರ್ಷ ಪೆಪ್ಪರ್‌ಮಿಂಟ್, ಆಮೇಲೆ ಸುಪಾರಿ, ಅದಾದ ಮೇಲೆ ಪಕ್ಕದಲ್ಲೇ ತೂಗುವ ಇನ್ನೊಂದು ಪ್ಯಾಕೆಟ್.

ಇದು ನನ್ನ ಊಹೆಯಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ 2019ರಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಭಾರತದ ವರದಿ ನೋಡಬೇಕು. ಬೀಡಿ ಸೇದಿದ ಮಕ್ಕಳಲ್ಲಿ ಶೇ 47ರಷ್ಟು ಮಂದಿ, ಜಗಿಯುವ ತಂಬಾಕಿನ ರುಚಿ ಕಂಡವರಲ್ಲಿ ಶೇ 52ರಷ್ಟು ಮಂದಿ ಹತ್ತನೆಯ ಹುಟ್ಟುಹಬ್ಬಕ್ಕೆ ಮೊದಲೇ ಶುರು ಮಾಡಿದ್ದರು. ಹತ್ತು ವರ್ಷದೊಳಗಿನ ಮಗು ಕಾಲೇಜು ಗೆಳೆಯರ ಸಹವಾಸಕ್ಕೆ ಬಿದ್ದು ಕೆಡುವುದಿಲ್ಲ, ಸಿನಿಮಾ ನಾಯಕನನ್ನು ನೋಡಿ ಹಣ ಕೂಡಿಸಿ ಸಿಗರೇಟು ಕೊಳ್ಳುವುದೂ ಇಲ್ಲ. ಅದು ಮನೆಯವರು ಕಳಿಸಿದಲ್ಲಿಗೆ ಹೋಗುವ ವಯಸ್ಸು. ಅದೇ ಸಮೀಕ್ಷೆಯಲ್ಲಿ ದೇಶದ ಶೇ 8.5ರಷ್ಟು ವಿದ್ಯಾರ್ಥಿಗಳು ತಂಬಾಕು ಬಳಸುತ್ತಿದ್ದರೆ ಕರ್ನಾಟಕದಲ್ಲಿ ಶೇ 1.2 ಮಾತ್ರ ಎಂದಿದೆ. ಆ ಸಣ್ಣ ಸಂಖ್ಯೆ ಹಿಡಿದು ಹಿಗ್ಗುವ ಮೊದಲು ಒಂದು ಮಾತು ನೆನಪಿಡಬೇಕು: ಅಲ್ಲಿ ಎಣಿಸಿದ್ದು ತರಗತಿಯಲ್ಲಿ ಕೂತ ಮಕ್ಕಳನ್ನು. ಹತ್ತಿ ಬೀಜದ ಹೊಲದಲ್ಲಿ ಹೂವು ಸೋಂಕಿಸುತ್ತಿರುವವರು, ಇಟ್ಟಿಗೆ ಭಟ್ಟಿಗೆ ಹೋದವರು, ಗ್ಯಾರೇಜಿನಲ್ಲಿ ಟೈರು ಬಿಚ್ಚುವವರು ಆ ಲೆಕ್ಕದಲ್ಲಿಲ್ಲ. ಕೂಲಿ ದುಡ್ಡು ನೇರವಾಗಿ ಕೈಗೆ ಬರುವುದು ಅವರಿಗೇ. ಜೊತೆಗೆ ದುಡಿಯುವ ದೊಡ್ಡವರು ಊಟವಾದ ಮೇಲೆ ಅಂಗೈ ಚಾಚಿ ಸುಣ್ಣ ಹಚ್ಚಿದ ತಂಬಾಕನ್ನು ಹಂಚಿಕೊಳ್ಳುವುದೂ ಅವರ ಜೊತೆಗೇ.

ಕಾನೂನಿಗೆ ಇಲ್ಲಿ ಕೊರತೆಯಿಲ್ಲ. 2003ರ ತಂಬಾಕು ಉತ್ಪನ್ನ ನಿಯಂತ್ರಣ ಕಾಯ್ದೆಯ 6ನೇ ಕಲಂ 18 ವರ್ಷದೊಳಗಿನವರಿಗೆ ಮಾರುವುದನ್ನೂ ಶಾಲೆಯ ನೂರು ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಆ ವಯಸ್ಸನ್ನು 21ಕ್ಕೆ ಏರಿಸಿತು, ಬಿಡಿ ಸಿಗರೇಟು ಮಾರುವಂತಿಲ್ಲ ಎಂದಿತು, ಇನ್ನೂರು ರೂಪಾಯಿಯ ದಂಡವನ್ನು ಸಾವಿರಕ್ಕೆ ಒಯ್ದಿತು. ಗುಟ್ಕಾ 2013ರಿಂದಲೇ ನಿಷೇಧವಾಗಿದೆ. ಕಂಪನಿಗಳು ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿದವು, ಬೆರೆಸುವ ಕೆಲಸ ತಿನ್ನುವವನ ಅಂಗೈಗೆ ಬಂತು. ಇವೆಲ್ಲದರ ಮೇಲೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಇದೆ. ಮಗುವಿಗೆ ಮದ್ಯವನ್ನಾಗಲಿ ತಂಬಾಕನ್ನಾಗಲಿ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಮದ್ಯ ಹೊತ್ತು ತರಲು ಮಗುವನ್ನು ಬಳಸಿದವರಿಗೂ 78ನೇ ಕಲಮಿನಲ್ಲಿ ಅಷ್ಟೇ ಶಿಕ್ಷೆ. ಮದ್ಯದ ವಯಸ್ಸಿನ ವಿಷಯದಲ್ಲಂತೂ ನಮ್ಮ ಸರ್ಕಾರಕ್ಕೇ ಗಟ್ಟಿ ಮನಸ್ಸಿಲ್ಲ. ಅಬಕಾರಿ ಲೈಸೆನ್ಸಿನ 1967ರ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು, ಆಕ್ಷೇಪಣೆ ಬಂದ ಮೇಲೆ ವಾಪಸಾಯಿತು.

ಈ ಕಾನೂನುಗಳೆಲ್ಲ ಒಂದು ಅಪರಿಚಿತ ಪೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಅಲ್ಲಿ ಅಂಗಡಿಯವನಿಗೆ ಗಿರಾಕಿಯ ಗುರುತಿಲ್ಲ, ಅನುಮಾನ ಬಂದರೆ ವಯಸ್ಸಿನ ದಾಖಲೆ ಕೇಳಬೇಕು. ಮಸ್ಕಿ ತಾಲ್ಲೂಕಿನ ಹಳ್ಳಿಯೊಂದರ ಕಿರಾಣಿ ಅಂಗಡಿಯವನಿಗೆ ಆಧಾರ್ ಕಾರ್ಡ್ ಯಾಕೆ ಬೇಕು? ಎದುರಿಗೆ ನಿಂತ ಹುಡುಗ ಯಾರ ಮಗ, ಎಷ್ಟನೇ ಇಯತ್ತೆ, ಹುಟ್ಟಿದ್ದು ಯಾವ ಬರಗಾಲದ ವರ್ಷ ಎಲ್ಲ ಅವನಿಗೆ ಗೊತ್ತು. ಅವನಿಗೆ ಇಲ್ಲದ್ದು ‘ಇಲ್ಲ’ ಅನ್ನುವ ಧೈರ್ಯ. ಹುಡುಗನನ್ನು ಬರಿಗೈಲಿ ಕಳಿಸಿದರೆ ಅವರಪ್ಪ ಬಂದು, ‘ಯಾಕೋ, ನಮ್ಮ ಹುಡುಗನ್ನ ಹಂಗ ಕಳಿಸಿದಿ? ನಾನೇನು ಬಾಕಿ ಕೊಡೋದೈತೇನು?’ ಎಂದು ಕೇಳುತ್ತಾನೆ. ಉದ್ದರಿ ಪುಸ್ತಕದ ಮೇಲೆ ನಿಂತ ವ್ಯಾಪಾರದಲ್ಲಿ ಒಂದು ಮನೆಯ ಮುನಿಸು ಒಂದು ತಿಂಗಳ ಅಕ್ಕಿ ಬೇಳೆ ಎಣ್ಣೆಯ ಗಿರಾಕಿಯನ್ನೇ ಕಳೆಯುತ್ತದೆ. ಸಾವಿರ ರೂಪಾಯಿ ದಂಡ ಎಂದೋ ಒಮ್ಮೆ ಬರಬಹುದು, ಮುನಿಸು ನಾಳೆಯೇ ಬರುತ್ತದೆ. ಹಾಗಾಗಿ ನಾನು ಇಂಥ ಪ್ರಯತ್ನಗಳನ್ನೆಲ್ಲ ಅಳೆಯುವುದು ಒಂದೇ ಪ್ರಶ್ನೆಯಿಂದ: ಅಂಗಡಿಯವನು ಮಗುವಿಗೆ ಇಲ್ಲ ಅನ್ನುವುದನ್ನು ಇದು ಸುಲಭ ಮಾಡಿತೇ?

ತಂಬಾಕು ಮಾರಬಾರದ ಎಲ್ಲೆ ತೋರಿಸಲು ಶಾಲೆಯ ಸುತ್ತ ಎಳೆಯುವ ಹಳದಿ ಗೆರೆ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಗೋಡೆಯ ಅಂಚಿನಿಂದ ಸುತ್ತಲೂ ನೂರು ಗಜ ಅಳೆದರೆ ಸಣ್ಣ ಊರಿನ ನಡುವೆ ಇರುವ ಶಾಲೆಗೆ ಅರ್ಧ ಊರೇ ಒಳಗೆ ಬರುತ್ತದೆ. ಆಗ ಎಲ್ಲರೂ ತಪ್ಪಿತಸ್ಥರು, ಅಂದರೆ ಯಾರ ಮೇಲೂ ಕ್ರಮವಿಲ್ಲ. ಅಂಬಾಮಠದ ಜಾತ್ರೆಯಲ್ಲಿ, ಮುದಗಲ್ಲಿನ ಮೊಹರಂನಲ್ಲಿ ವಾರಗಟ್ಟಲೆ ಹೂಡುವ ತಾತ್ಕಾಲಿಕ ಅಂಗಡಿಗಳಿಗೆ ಗೆರೆಯೂ ಇಲ್ಲ. ಇನ್ನು ಅಂಗಡಿಯಲ್ಲಿ ತೂಗಬೇಕಾದ 60 ಸೆಂಟಿಮೀಟರ್ ಅಗಲದ ಎಚ್ಚರಿಕೆ ಫಲಕ. ಮಸ್ಕಿ ಈ ವಿಷಯದಲ್ಲಿ ಪಾಠ ಹೇಳಬಲ್ಲ ಊರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದಿದೆ. ಆದರೆ ಕಲ್ಲಿನಲ್ಲಿ ಕೊರೆಸಿದ್ದೇ ಸಾಕೆಂದು ಆ ರಾಜನೂ ಸುಮ್ಮನೆ ಕೂರಲಿಲ್ಲ, ಜನಕ್ಕೆ ತಿಳಿಹೇಳಲು ಅಧಿಕಾರಿಗಳನ್ನು ನೇಮಿಸಿದ್ದ.

ಈ ಸೀಮೆಯಲ್ಲೇ ಇದಕ್ಕಿಂತ ಆಳವಾಗಿ ಯೋಚಿಸಿದ ಪ್ರಯೋಗವೊಂದಿದೆ. ಲಿಂಗಸುಗೂರಿಗೆ ನೆರೆಯ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೋದರು. ಮಠದ ಜೋಳಿಗೆಗೆ ಜನ ಜೋಳ ಹಾಕುವುದು ರೂಢಿ. ಅವರು ಬೇಡಿದ್ದು ಕುಡಿತವನ್ನು, ಬೀಡಿಯನ್ನು, ತಂಬಾಕನ್ನು. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದರು. ದಲಿತರ ಕೇರಿಯಿಂದ ಶುರುವಾದ ಆ ನಡಿಗೆ ನೂರಾರು ಊರು ಸುತ್ತಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಜೋಳಿಗೆ ಮತ್ತು ಗುಲಾಬಿಯನ್ನು ಅಕ್ಕಪಕ್ಕ ಇಟ್ಟರೆ ಎರಡೂ ಬೇಡಿಕೊಳ್ಳುವ ಕ್ರಮಗಳೇ. ಬೇಡುವವರು ಯಾರು, ಯಾರನ್ನು ಬೇಡುತ್ತಾರೆ ಎಂಬಲ್ಲಿ ದೊಡ್ಡ ಅಂತರವಿದೆ. ಜೋಳಿಗೆ ಹಿಡಿದವರು ಊರೇ ಕಾಲಿಗೆರಗುವ ಹಿರಿಯರು, ಕೈ ಚಾಚಿದ್ದು ಮನೆಯ ಯಜಮಾನನ ಮುಂದೆ, ಅದೂ ಹೆಂಡತಿ ಮಕ್ಕಳು ನೋಡುತ್ತಿರುವಾಗ. ಸುಮ್ಮನೆ ತಲೆ ಆಡಿಸಿ ಕಳಿಸಲು ಬಾರದು. ಜೇಬಿನ ಬೀಡಿ ಕಟ್ಟು ತೆಗೆದು ಹಾಕಿದ ಅಪ್ಪ ಮರುದಿನ ಅದನ್ನೇ ತರಲು ಮಗನನ್ನು ಕಳಿಸಬೇಕಾದರೆ ಒಮ್ಮೆ ಹಿಂದೆ ಮುಂದೆ ನೋಡುತ್ತಾನೆ. ಮಗುವಿನ ಬಾಯಿಂದ ದೊಡ್ಡವರಿಗೆ ಬುದ್ಧಿ ಹೇಳಿಸುವ ಗೋಜಿಗೆ ಜೋಳಿಗೆ ಹೋಗಲಿಲ್ಲ. ಅದರ ಮಿತಿಯೂ ಅಲ್ಲಿಯೇ ಇದೆ. ಅದು ವ್ಯಕ್ತಿಯ ಘನತೆಯ ಮೇಲೆ ನಿಂತ ಕಾರ್ಯ, ಇಲಾಖೆಯ ಕಾರ್ಯಕ್ರಮವಾದಾಗ ಅದರ ಕಾವು ಇಳಿಯುತ್ತದೆ. ಆಗಸ್ಟ್ ಒಂದರಂದು ತಾಲ್ಲೂಕು ಕಚೇರಿಯಲ್ಲಿ ನಡೆಯುವ ಪ್ರತಿಜ್ಞೆಗೆ ಜೋಳಿಗೆಯೂ ಇಲ್ಲ, ಬಾಗಿಲಿನಿಂದ ಬಾಗಿಲಿಗೆ ನಡೆಯುವ ಕಾಲೂ ಇಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಈ ವಿಷಯದಲ್ಲಿ ಹೆಚ್ಚು ಗಟ್ಟಿ, ಏಕೆಂದರೆ ಅವು ಕುಡಿಯುವವನನ್ನು ದಿನಗಟ್ಟಲೆ ಜೊತೆಗಿಟ್ಟುಕೊಂಡು ಅವನ ಮನೆಯವರನ್ನೂ ಕೂರಿಸುತ್ತವೆ. ಅದೇ ಯೋಜನೆ ಶಾಲೆಗಳಲ್ಲಿ ನಡೆಸುವ ಸ್ವಾಸ್ಥ್ಯ ಸಂಕಲ್ಪ ಕಾರ್ಯಕ್ರಮ ಮಾತ್ರ ಭಾಷಣದ ಹಾದಿಗೆ ಬೀಳುವ ಅಪಾಯ ಇದ್ದೇ ಇದೆ.

ಮದ್ಯದ ವಿಷಯಕ್ಕೆ ಬಂದರೆ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳನ್ನು ಬಿಟ್ಟು ಮಾತಾಡುವಂತಿಲ್ಲ. 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ ಹಳ್ಳಿಗಳು ಉಸಿರಾಡಬಹುದು ಎಂಬ ಆಸೆ ಇತ್ತು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ 90 ಮಿಲಿಲೀಟರಿನ ವಿಸ್ಕಿ ಟೆಟ್ರಾ ಪ್ಯಾಕ್ ಬಂತು. ಲೈಸೆನ್ಸ್ ಇರುವ ಅಂಗಡಿ ಪಟ್ಟಣದಲ್ಲಿ. ಅಲ್ಲಿಂದ ಪೆಟ್ಟಿಗೆಗಳು ಮೋಟಾರ್ ಸೈಕಲ್ ಏರಿ ಹಳ್ಳಿಯ ಚಹಾದಂಗಡಿಗೆ, ಕಿರಾಣಿ ಅಂಗಡಿಗೆ, ಮನೆಯ ಹಿತ್ತಿಲಿಗೆ ಹೋಗುತ್ತವೆ. ಬಾರಿನ ಬಾಗಿಲಲ್ಲಿ ಹದಿನಾಲ್ಕರ ಹುಡುಗ ನಿಂತರೆ ನಾಲ್ಕು ಜನ ನೋಡುತ್ತಾರೆ. ಪಕ್ಕದ ಮನೆಯ ಹಿತ್ತಿಲಿಗೆ ಹೋದರೆ ಯಾರು ನೋಡುತ್ತಾರೆ? ಈ ಮಾರಾಟದ ವಿರುದ್ಧ ಕೂಲಿಕಾರ ಹೆಣ್ಣುಮಕ್ಕಳು ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥ ಸಂಘಗಳ ಬೆಂಬಲದಲ್ಲಿ ವರ್ಷಗಟ್ಟಲೆ ಧರಣಿ ಕೂತರು, ಮದ್ಯ ನಿಷೇಧ ಆಂದೋಲನ ಕಟ್ಟಿದರು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಅವರಲ್ಲಿ ಬಹಳ ಮಂದಿ ರಾಯಚೂರು ಕಡೆಯವರು, ದಿನದ ಕೂಲಿ ಬಿಟ್ಟು ಬಂದವರು.

ಇಷ್ಟು ದೊಡ್ಡ ಚಳವಳಿಯನ್ನು ಅಳೆಯಲು ಹೊರಡುವಾಗ ಅಂಜಿಕೆ ಆಗುತ್ತದೆ, ಆದರೂ ಅಳೆಯಬೇಕು. ಮಾಲು ಎಲ್ಲಿಂದ ಬರುತ್ತದೆ ಎಂದು ಮೂಲಕ್ಕೇ ಕೈ ಹಾಕಿದ್ದು ಅದರ ದೊಡ್ಡ ಗುಣ. ಮಕ್ಕಳ ಕೈಯ ಬ್ಯಾನರಿನ ಮೇಲೆ ಬರೆದ ಘೋಷಣೆಗಿಂತ, ಹಿತ್ತಿಲಿಗೆ ಪೆಟ್ಟಿಗೆ ತರುವ ಗಾಡಿಯನ್ನು ಅಡ್ಡಗಟ್ಟಿದ ಹೆಂಗಸು ಹೆಚ್ಚು ಮಕ್ಕಳನ್ನು ಕಾಯುತ್ತಾಳೆ. ಆದರೆ ಸಂಪೂರ್ಣ ಪಾನನಿಷೇಧ ಎಂಬ ಬೇಡಿಕೆಯ ಎದುರು ಖಜಾನೆ ನಿಂತಿದೆ. 2025–26ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಆ ಗೋಡೆಗೆ ತಲೆ ಬಡಿದುಕೊಳ್ಳುವ ಹೊತ್ತಿನಲ್ಲಿ ಚಳವಳಿಯೇ ಎತ್ತಿದ್ದ ಇನ್ನೊಂದು ಬೇಡಿಕೆ ಹಿಂದೆ ಸರಿಯಿತು: ಊರಿಗೆ ಮದ್ಯ ಬೇಕೋ ಬೇಡವೋ ಹೇಳುವ ಹಕ್ಕು ಗ್ರಾಮಸಭೆಗೆ, ಅದರಲ್ಲೂ ಹೆಂಗಸರಿಗೆ ಇರಬೇಕು ಎಂಬುದು. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಡವೆಂದು ಮತ ಹಾಕಿದರೆ ಅಂಗಡಿ ಮುಚ್ಚಿಸಲು ಅವಕಾಶವಿದೆ. ಚೀಟಿಯ ಮೇಲೆ ನಿಂತ ಬಾಟಲಿ, ಮಲಗಿದ ಬಾಟಲಿಯ ಚಿತ್ರ ಇರುತ್ತದೆ. ಸಿಂಧನೂರಿನ ಕ್ಯಾಂಪುಗಳ ಹಿರಿಯರಿಗೆ ನೆಲ್ಲೂರಿನ ದೂಬಗುಂಟ ನೆನಪಿರಬಹುದು. 1992ರಲ್ಲಿ ಅಕ್ಷರ ಕಲಿಯಲು ಕೂತ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಊರದು. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ನಿಷೇಧ ಬಂತು, 1997ರಲ್ಲಿ ಅದು ಸಡಿಲವಾಯಿತು. ರಾಜಧಾನಿ ಕೊಟ್ಟದ್ದನ್ನು ರಾಜಧಾನಿ ಹಿಂದಕ್ಕೆ ತೆಗೆದುಕೊಂಡಿತು.

ಹಿರಿಯರೆಲ್ಲ ಗುಡಿಯ ಕಟ್ಟೆಯಲ್ಲಿ ಸೇರಿ ಮದ್ಯ ಮಾರಿದವರಿಗೆ ಇಷ್ಟು ದಂಡ ಎಂದು ಡಂಗುರ ಸಾರಿಸುವ ಪದ್ಧತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದೆ. ಇದನ್ನು ಹೊಗಳಿ ಬರೆಯುವವರು ಬಹಳ. ನನಗೆ ಇದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಆತಂಕ. ಊರು ಕೂಡಿ ಹೇಳಿದ ಮಾತು ಅಂಗಡಿಯವನ ಬೆನ್ನಿಗೆ ನಿಲ್ಲುತ್ತದೆ, ಅದು ಮೆಚ್ಚುಗೆಯ ಭಾಗ. ದಂಡ ಬೀಳುವುದು ಹಿತ್ತಿಲಲ್ಲಿ ನಾಲ್ಕು ಪ್ಯಾಕ್ ಇಟ್ಟುಕೊಂಡ ಬಡ ವಿಧವೆಯ ಮೇಲೆ, ಪೆಟ್ಟಿಗೆ ಕಳಿಸಿದ ಪಟ್ಟಣದ ಲೈಸೆನ್ಸ್‌ದಾರನನ್ನು ಯಾರೂ ಕಟ್ಟೆಗೆ ಕರೆಸುವುದಿಲ್ಲ. ಆತಂಕ ಇದು. ರಾಜ್ಯದ ಮದ್ಯವೆಲ್ಲ ಪಾನೀಯ ನಿಗಮದ ಡಿಪೋಗಳ ಮೂಲಕವೇ ಹೋಗಬೇಕು, ಪ್ಯಾಕಿನ ಮೇಲೆ ಅಬಕಾರಿ ಲೇಬಲ್ಲೂ ಬ್ಯಾಚ್ ಸಂಖ್ಯೆಯೂ ಇರುತ್ತವೆ. ಹಳ್ಳಿಯಲ್ಲಿ ಸಿಕ್ಕ ಪ್ಯಾಕ್ ಯಾವ ದಾರಿಯಿಂದ ಬಂತೆಂದು ಹುಡುಕುವುದು ಇಲಾಖೆಗೆ ಆಗದ ಕೆಲಸವಲ್ಲ. ಹುಡುಕು ಎಂದು ಪಟ್ಟು ಹಿಡಿದು ಕೂರುವುದು ಊರಿನ ಕೆಲಸ. ಕಟ್ಟೆಯಲ್ಲಿ ಕೂರುವ ಹಿರಿಯರಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಹಾಗಾದರೆ ಅಂಗಡಿಯವನಿಗೆ ಧೈರ್ಯ ಎಲ್ಲಿಂದ ಬರಬೇಕು? ಗ್ರಾಮಸಭೆಯ ನಡಾವಳಿ ಪುಸ್ತಕದಿಂದ ಎಂದು ನಾನು ನಂಬುತ್ತೇನೆ. ಬೀಡಿಗಾಗಲಿ ತಂಬಾಕಿಗಾಗಲಿ ಸೆರೆಗಾಗಲಿ ಈ ಊರಿನ ಯಾವ ಮನೆಯವರೂ ಮಗುವನ್ನು ಅಂಗಡಿಗೆ ಕಳಿಸುವುದಿಲ್ಲ, ಕಳಿಸಿದರೆ ಅಂಗಡಿಯವರು ಬರಿಗೈಲಿ ವಾಪಸು ಕಳಿಸಬೇಕು ಎಂದು ಅಲ್ಲಿ ಬರೆಯಬೇಕು. ಬರೆದದ್ದನ್ನು ಡಂಗುರ ಹೊಡೆಸಿ ಓಣಿ ಓಣಿಗೆ ತಿಳಿಸಬೇಕು. ಆಮೇಲೆ ಮುನಿಸಿಕೊಂಡು ಬಂದ ಅಪ್ಪನಿಗೆ, ‘ಇದು ನಾ ಮಾಡಿದ್ದಲ್ಲೋ ಮಾವ, ಊರೇ ಮಾಡಿದ್ದು, ನೀನೂ ಕೈ ಎತ್ತಿದ್ದಿ’ ಎಂದು ಅಂಗಡಿಯವನು ಹೇಳಬಹುದು. ತಂಬಾಕು ಮಾರುವವರಿಗೆ ಪ್ರತ್ಯೇಕ ಲೈಸೆನ್ಸ್ ಕೊಡಿ, ಆ ಅಂಗಡಿಯಲ್ಲಿ ಚಾಕೊಲೇಟು ಬಿಸ್ಕತ್ತು ಮಾರಲು ಬಿಡಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಳ್ಳಿಯ ಕಿರಾಣಿಗೆ ಇದು ಪೂರ್ತಿ ಹೊಂದುವುದಿಲ್ಲ, ಆದರೆ ಪೆಪ್ಪರ್‌ಮಿಂಟ್ ಡಬ್ಬಿಯ ತಲೆಯ ಮೇಲೆಯೇ ತಂಬಾಕಿನ ಸರ ತೂಗಬಾರದು ಎಂಬಷ್ಟನ್ನು ಪಂಚಾಯಿತಿ ವ್ಯಾಪಾರದ ಪರವಾನಗಿ ನವೀಕರಿಸುವಾಗ ಕೇಳಬಹುದು.

ಮಕ್ಕಳು ಮಾತಾಡಲೇಬೇಕಾದ ಜಾಗವೂ ಒಂದಿದೆ. ಕರ್ನಾಟಕದಲ್ಲಿ ಪ್ರತಿ ವರ್ಷ ನವೆಂಬರ್ ಸುಮಾರಿಗೆ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಶೌಚಾಲಯದ ಬಾಗಿಲು ಮುರಿದದ್ದು, ಶಾಲೆಗೆ ಬಸ್ ಇಲ್ಲದ್ದು, ಶಾಲೆಯ ಹಿಂದೆ ಕುಡಿದು ಬಾಟಲಿ ಒಡೆಯುವವರ ಕಾಟ ಎಲ್ಲವನ್ನೂ ಮಕ್ಕಳು ಅಲ್ಲಿ ಹೇಳುತ್ತಾರೆ. ಹೂವು ಕೊಟ್ಟು ಬೇಡುವ ಬದಲು ಪಂಚಾಯಿತಿಯಿಂದ ಉತ್ತರ ಕೇಳುವ ಹಕ್ಕು ಅವರಿಗೆ ಅಲ್ಲಿದೆ. ಆ ಸಭೆ ಈಗ ಬಹುಪಾಲು ಕಡೆ ಹಾರ, ಭಾಷಣ, ಬಿಸ್ಕತ್ತು ಪೊಟ್ಟಣದಲ್ಲಿ ಮುಗಿಯುತ್ತದೆ. ಹಿಂದಿನ ವರ್ಷ ಮಕ್ಕಳು ಹೇಳಿದ್ದಕ್ಕೆ ಏನು ಮಾಡಿದಿರಿ ಎಂಬ ಅನುಪಾಲನಾ ವರದಿಯನ್ನು ಅಭಿವೃದ್ಧಿ ಅಧಿಕಾರಿ ಎದ್ದು ನಿಂತು ಓದುವುದರಿಂದ ಸಭೆ ಶುರುವಾಗಲಿ: ಯಾವ ಅಂಗಡಿಗೆ ನೋಟಿಸು ಹೋಯಿತು, ಯಾವ ಹಿತ್ತಿಲಿನ ಮಾರಾಟ ನಿಂತಿತು, ಆ ಪೆಟ್ಟಿಗೆಗಳು ಯಾವ ಲೈಸೆನ್ಸಿನ ಹೆಸರಿನಲ್ಲಿ ಡಿಪೋದಿಂದ ಹೊರಟಿದ್ದವು.